ಹಿತ್ತಲಿಗೆ ಬರುವ ಸೂರಕ್ಕಿ

ನಮ್ಮ ಓಬಳಾಪುರ, ರಾಯದುರ್ಗದ ಕಡೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಸುತ್ತ ಕಲ್ಲುಗುಡ್ಡ, ಕುರುಚಲು ಕಾಡು. ಆದರೂ ಹಿತ್ತಲಲ್ಲಿ ಒಂದು ದಾಸವಾಳ, ಒಂದು ನುಗ್ಗೆಮರ ಇದ್ದರೆ ಸಾಕು, ಸೂರಕ್ಕಿ ಕರೆಯದೆ ಬರುತ್ತದೆ.

ಇದರ ತೂಕ ಒಂದು ತೊಲದಷ್ಟೂ ಇಲ್ಲ. ಉದ್ದ ಸುಮಾರು 10 ಸೆಂಟಿಮೀಟರ್. ಆದರೆ ಗಂಡಿನ ಬಣ್ಣ ನೋಡಿದರೆ ರೇಷ್ಮೆ ಅಂಗಡಿಯೇ ನೆನಪಾಗುತ್ತದೆ. ನೆತ್ತಿ ಮಿರುಗುವ ಹಸಿರು, ಬೆನ್ನು ಕಡುಗೆಂಪು, ಗಂಟಲು ಮತ್ತು ಬಾಲದ ಬುಡ ನೇರಳೆ, ಹೊಟ್ಟೆ ಹಳದಿ. ಹೆಣ್ಣು ಸಾದಾ, ಬೆನ್ನು ಬೂದು, ಎದೆ ತಿಳಿಹಳದಿ. 1766ರಲ್ಲಿ ಸ್ವೀಡನ್ನಿನ ಲಿನೇಯಸ್ ಎಂಬ ಪಂಡಿತರು ಇದಕ್ಕೆ ಸಿಂಹಳದ ಹೆಸರಿಟ್ಟರು. ಆದರೆ ನಮ್ಮ ದಕ್ಷಿಣ ದೇಶದ ಊರೂರಲ್ಲೂ ಇದರ ಸಂಸಾರವಿದೆ.

ಕೊಕ್ಕು ಬಾಗಿದ ಸೂಜಿಯಂತೆ, ನಾಲಗೆ ಕೊಳವೆಯಂತೆ. ಹೂವಿನ ಮಕರಂದ ಕುಡಿಯುವಾಗ ಪರಾಗ ತಲೆಗೆ ಅಂಟಿ ಮುಂದಿನ ಹೂವಿಗೆ ಸೇರುತ್ತದೆ. ಪಡೆದದ್ದಕ್ಕೆ ಪ್ರತಿಯಾಗಿ ಕೊಡುವ ಈ ವ್ಯವಹಾರ ನಮ್ಮಂಥವರಿಗೆ ಬೇಗ ಅರ್ಥವಾದೀತು. ಮರಿಗಳಿಗೆ ಮಾತ್ರ ಸಣ್ಣ ಹುಳ, ಜೇಡಗಳೇ ಆಹಾರ.

ಗೂಡು ಕಟ್ಟುವುದು ಹೆಣ್ಣು. ಜೇಡರ ಬಲೆಯೇ ದಾರ. ನಾರು, ಒಣ ಎಲೆ, ತೊಗಟೆಯ ಚೂರು ಸೇರಿಸಿ ತೂಗಾಡುವ ಚೀಲ ಹೆಣೆಯುತ್ತದೆ. ಪಕ್ಕದಲ್ಲಿ ಬಾಗಿಲು, ಅದರ ಮೇಲೆ ಸಣ್ಣ ಚಾವಣಿ. ಹೊರಗಿನಿಂದ ಕಸ ಅಂಟಿದ ಬಲೆಯಂತೆ ಕಾಣುವುದರಿಂದ ಶತ್ರುಗಳ ಕಣ್ಣಿಗೆ ಬೀಳದು. ಅದೇ ಕಾರಣಕ್ಕೆ ನಮ್ಮ ಪೊರಕೆಗೆ ಸಿಕ್ಕಿ ಹಾಳಾಗುವುದೂ ಉಂಟು.

ನಮ್ಮ ಕಿರಿಯ ಮಗನ ಮದುವೆಗೆ ಮನೆಗೆ ಬಣ್ಣ ಹೊಡೆಸುತ್ತಿದ್ದೆವು. ಪಡಸಾಲೆಯ ತಂತಿಗೆ ಇಂಥದೇ ಗೂಡು ಜೋತುಬಿದ್ದಿತ್ತು. ಬಣ್ಣದ ಹುಡುಗ ಕೋಲೆತ್ತಿದಾಗ ನಮ್ಮ ಮನೆಯವರು, "ತಾಳಪ್ಪ, ಒಳಗೆ ಬಾಣಂತಿ ಇದ್ದಾಳೆ" ಎಂದು ತಡೆದರು. ಎರಡು ಮೊಟ್ಟೆ ಇದ್ದವು. ಕಾವು ಸುಮಾರು 15 ದಿನ, ಮರಿ ಹಾರಲು ಮತ್ತೆ 17 ದಿನ. ಮದುವೆಗೆ ಉಳಿದಿದ್ದು ಮೂರೇ ವಾರ! ಬೀಗರು ಏನಂದುಕೊಳ್ಳುವರೋ ಎಂಬ ಅಳುಕು ನನಗಿತ್ತು. ಕೊನೆಗೆ ಆ ಗೋಡೆ ಹಾಗೆಯೇ ಉಳಿಯಿತು. ಬೀಗರು ಬಂದು ಕಾರಣ ಕೇಳಿದರು. ತಮ್ಮ ಮಕ್ಕಳನ್ನು ಆ ಕಡೆ ಗಲಾಟೆ ಮಾಡದಂತೆ ಕೂರಿಸಿದರು. ಗಂಡು-ಹೆಣ್ಣು ಎರಡೂ ಗುಟುಕು ತರುವುದನ್ನು ಮದುವೆ ಮನೆಯ ನೆಂಟರೆಲ್ಲ ನೋಡಿದರು. ಮರಿಗಳು ಹಾರಿದ ಮೇಲೆ ಗೋಡೆಗೆ ಬಣ್ಣವಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇಂಥ ಹಕ್ಕಿಯ ಗೂಡು-ಮೊಟ್ಟೆಗೆ ಕೈಹಾಕುವುದೂ ಬೇಟೆಯೇ. ಕಾಯಿದೆ ಹೇಳದಿದ್ದರೂ ಜೀವದಯೆ ನಮಗೆ ಹೊಸದಲ್ಲ. ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸದೆ ನಾಲ್ಕು ಹೂಗಿಡಕ್ಕೆ ಜಾಗ ಬಿಡಿ. ಅವುಗಳಿಗೆ ಕೀಟನಾಶಕ ಹೊಡೆಯಬೇಡಿ. ಹುಳ ಸತ್ತರೆ ಮರಿ ಉಪವಾಸ. ದೀಪಾವಳಿಗೆ ಮನೆ ಗುಡಿಸುವಾಗ, ತೂಗಾಡುವ ಬಲೆಯಲ್ಲಿ ಪುಟ್ಟ ಬಾಗಿಲು ಇದೆಯೇ ಎಂದು ಒಮ್ಮೆ ನೋಡಿ.