ಕಾರಿನ ಕಿಟಕಿ ಮೋಟಾರು: ದುರಸ್ತಿಯೋ, ಬದಲಾವಣೆಯೋ?

ದಾವಣಗೆರೆಯ ಜವಳಿ ವರ್ತಕರೊಬ್ಬರ ವಾಹನ ವೆಚ್ಚದ ಖಾತೆಯನ್ನು ಪರಿಶೀಲಿಸುವಾಗ ಒಂದೇ ಬಾಗಿಲಿನ ಪವರ್ ವಿಂಡೋ ಮೋಟಾರಿಗೆ ಸಂಬಂಧಿಸಿದ ಎರಡು ಬಿಲ್ಲುಗಳು ಐದು ತಿಂಗಳ ಅಂತರದಲ್ಲಿ ಕಂಡುಬಂದವು. ವಿಚಾರಿಸಲಾಗಿ, ಎರಡನೆಯ ಮೋಟಾರೂ ನಿಂತುಹೋದ ಬಳಿಕ ಅನುಭವಸ್ಥ ಎಲೆಕ್ಟ್ರಿಷಿಯನ್ ಒಬ್ಬರು ಬಾಗಿಲಿನ ಸಂದಿಯ ರಬ್ಬರ್ ಕೊಳವೆಯೊಳಗೆ ಮುರಿದಿದ್ದ ತಂತಿಯೊಂದನ್ನು ಬೆಸೆದು ಕಿಟಕಿಯನ್ನು ಸರಿಪಡಿಸಿದರೆಂದು ತಿಳಿಯಿತು. ಮೊದಲ ಮೋಟಾರು ಕೆಟ್ಟಿರಲೇ ಇಲ್ಲ. ಬಿಚ್ಚಿ ಜೋಡಿಸುವಾಗ ತಂತಿ ಅಲುಗಾಡಿ ತಾತ್ಕಾಲಿಕವಾಗಿ ಕೂಡಿಕೊಂಡಿತ್ತು, ಅಷ್ಟೆ. ಈ ನಡುವೆ ಗಾಜು ಮೇಲೇರದ ಕಾರಿನಲ್ಲಿ ಬಟ್ಟೆಯ ಮಾದರಿಗಳು ಮಳೆಗೆ ನೆನೆದು, ಒಂದು ಬೇಡಿಕೆ ಕೈತಪ್ಪಿಹೋಗಿತ್ತು. ಸಣ್ಣ ವೆಚ್ಚವೆಂದು ಉದಾಸೀನ ಮಾಡಿದ್ದರ ಫಲವಿದು.

ವ್ಯವಸ್ಥೆಯ ಸ್ವರೂಪ

ಕಿಟಕಿಯ ಮೋಟಾರು 12 ವೋಲ್ಟ್‌ನ ಸಣ್ಣ ಡಿ.ಸಿ. ಮೋಟಾರು. ಇದಕ್ಕೆ ಹೊಂದಿಕೊಂಡ ವರ್ಮ್ ಗೇರ್ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಕೈಯಿಂದ ಒತ್ತಿದರೂ ಗಾಜು ಕೆಳಗಿಳಿಯದಂತೆ ತಡೆಯುವುದೂ ಇದೇ ಗೇರ್. ಗಾಜನ್ನು ಏರಿಸಿ ಇಳಿಸುವ ಭಾಗಕ್ಕೆ ರೆಗ್ಯುಲೇಟರ್ ಎಂದು ಹೆಸರು. ಇದು ಉಕ್ಕಿನ ಕೇಬಲ್ ಅಥವಾ ಕತ್ತರಿಯಾಕಾರದ ತೋಳುಗಳನ್ನು ಹೊಂದಿರುತ್ತದೆ. ಫ್ಯೂಸ್, ಸ್ವಿಚ್, ತಂತಿ, ಮೋಟಾರು, ರೆಗ್ಯುಲೇಟರ್ ಹಾಗೂ ಗಾಜು ಸರಿಯುವ ರಬ್ಬರ್ ಜಾಡು, ಇವುಗಳಲ್ಲಿ ಯಾವುದು ಕೆಟ್ಟರೂ ಕಿಟಕಿ ನಿಲ್ಲುತ್ತದೆ. ಆದರೆ ಆರೋಪ ಹೊರುವುದು ಸಾಮಾನ್ಯವಾಗಿ ಮೋಟಾರು ಮಾತ್ರ.

ದೋಷದ ಪತ್ತೆ

ಪರೀಕ್ಷೆಯು ಅಗ್ಗದ ಭಾಗದಿಂದ ದುಬಾರಿ ಭಾಗದ ಕಡೆಗೆ ಸಾಗತಕ್ಕದ್ದು. ಎಲ್ಲ ಕಿಟಕಿಗಳೂ ಒಮ್ಮೆಗೇ ನಿಂತಿದ್ದರೆ ಫ್ಯೂಸ್ ಅಥವಾ ಮುಖ್ಯ ಸ್ವಿಚ್ಚನ್ನು ಮೊದಲು ನೋಡಬೇಕು. ಚಾಲಕನ ಬಳಿಯ ಸ್ವಿಚ್ಚಿನಿಂದ ಚಲಿಸದ ಕಿಟಕಿ ಆಯಾ ಬಾಗಿಲಿನ ಸ್ವಿಚ್ಚಿನಿಂದ ಚಲಿಸಿದರೆ ಮೋಟಾರು ನಿರ್ದೋಷಿ. ಮೋಟಾರಿನ ಸದ್ದು ಕೇಳಿಬಂದೂ ಗಾಜು ಅಲುಗದಿದ್ದರೆ ಕೇಬಲ್, ಗೇರ್ ಅಥವಾ ಪ್ಲಾಸ್ಟಿಕ್ ಹಿಡಿಕೆ ಮುರಿದಿರುವ ಸಂಭವ ಹೆಚ್ಚು. ಗಾಜು ನಿಧಾನವಾಗಿ ಏರಿ ನಡುವೆ ನಿಂತು, ಕೆಲ ನಿಮಿಷಗಳ ಬಳಿಕ ಪುನಃ ಚಲಿಸಿದರೆ ಮೋಟಾರು ಕಾದು ಅದರೊಳಗಿನ ರಕ್ಷಕವು ವಿದ್ಯುತ್ತನ್ನು ತಡೆದಿದೆ ಎಂದು ಭಾವಿಸಬಹುದು. ಧೂಳು ತುಂಬಿ ಬಿಗಿಯಾದ ರಬ್ಬರ್ ಜಾಡು ಇದಕ್ಕೆ ಸಾಮಾನ್ಯ ಕಾರಣ. ಜಾಡನ್ನು ಶುಚಿಗೊಳಿಸದೆ ಹೊಸ ಮೋಟಾರನ್ನು ಕೂರಿಸಿದರೆ ಅದಕ್ಕೂ ಹಳೆಯದರ ಗತಿಯೇ.

ಸಂಪೂರ್ಣ ನಿಶ್ಶಬ್ದವಿದ್ದಲ್ಲಿ, ಸ್ವಿಚ್ ಒತ್ತಿದಾಗ ಮೋಟಾರಿನ ಜೋಡಣೆಯವರೆಗೆ 12 ವೋಲ್ಟ್ ತಲುಪುತ್ತಿದೆಯೇ ಎಂದು ಮೀಟರಿನಿಂದ ಅಳೆಯಿಸಬೇಕು. ತಲುಪದಿದ್ದರೆ ದೋಷವು ತಂತಿ ಅಥವಾ ಸ್ವಿಚ್ಚಿನಲ್ಲಿದೆ. ತಲುಪಿಯೂ ಮೋಟಾರು ತಿರುಗದಿದ್ದರೆ ಮಾತ್ರ ಮೋಟಾರನ್ನು ದೂಷಿಸಬೇಕು. ಮೇಲ್ಕಂಡ ವರ್ತಕರು ಈ ಒಂದು ಅಳತೆಯನ್ನು ಕೇಳಿ ಮಾಡಿಸಿದ್ದರೆ ಎರಡೂ ಬಿಲ್ಲುಗಳು ಉಳಿಯುತ್ತಿದ್ದವು.

ಯಾವುದು ಲಾಭಕರ?

ಕಾರ್ಬನ್ ಬ್ರಷ್ ಸವೆದಿದ್ದರೆ, ಗ್ರೀಸ್ ಒಣಗಿದ್ದರೆ ಅಥವಾ ಜೋಡಣೆಗೆ ಕಿಲುಬು ಹಿಡಿದಿದ್ದರೆ ದುರಸ್ತಿ ಸಾಧ್ಯ. ಸುರುಳಿ ಸುಟ್ಟಿದ್ದರೆ ಅಥವಾ ಗೇರಿನ ಹಲ್ಲುಗಳು ಸವೆದಿದ್ದರೆ ಬದಲಾವಣೆಯೇ ಯೋಗ್ಯ. ಇವೆರಡರ ನಡುವಿನ ಸಂದಿಗ್ಧ ಸ್ಥಿತಿಯಲ್ಲಿ ಲೆಕ್ಕವೇ ದಾರಿ ತೋರಬೇಕು.

ಉದಾಹರಣೆಗೆ, ದುರಸ್ತಿಗೆ ರೂ. 1,000, ಹೊಸ ಮೋಟಾರಿಗೆ ರೂ. 4,500, ಕಾರು ಒಂದು ದಿನ ನಿಂತರೆ ಆಗುವ ನಷ್ಟ ರೂ. 2,000 ಎಂದಿಟ್ಟುಕೊಳ್ಳೋಣ. ದುರಸ್ತಿ ಯಶಸ್ವಿಯಾದರೆ ಉಳಿತಾಯ ರೂ. 3,500. ವಿಫಲವಾದರೆ ಹೊಸ ಮೋಟಾರಿನ ಬೆಲೆಯ ಜೊತೆಗೆ ಇನ್ನೊಂದು ದಿನದ ನಷ್ಟವೂ ಸೇರಿ ರೂ. 6,500 ಹೆಚ್ಚುವರಿ ಹೊರೆ. ಈ ಎರಡನ್ನೂ ತೂಗಿದರೆ, ವೈಫಲ್ಯದ ಸಂಭವ ನೂರಕ್ಕೆ ಸುಮಾರು 54ಕ್ಕಿಂತ ಕಡಿಮೆ ಇರುವವರೆಗೆ ದುರಸ್ತಿಯೇ ಲಾಭಕರ. ಆದರೆ ಕಾರು ನಿಂತರೆ ದಿನಕ್ಕೆ ರೂ. 10,000 ನಷ್ಟವಾಗುವವರಿಗೆ ಈ ಮಿತಿ 24ಕ್ಕೆ ಇಳಿಯುತ್ತದೆ. ಆದುದರಿಂದ ನೆರೆಯವರ ನಿರ್ಧಾರ ನಮಗೆ ಮಾದರಿಯಾಗದು.

ಮೋಟಾರು ಬಿಡಿಯಾಗಿ ಲಭ್ಯವೇ, ಅಥವಾ ರೆಗ್ಯುಲೇಟರ್ ಸಹಿತ ಕೊಳ್ಳಬೇಕೇ ಎಂಬುದನ್ನೂ ಮೊದಲೇ ವಿಚಾರಿಸುವುದು ಲೇಸು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬೆರಳು ಸಿಕ್ಕಿದರೆ ಹಿಂದೆ ಸರಿಯುವ ಸೌಲಭ್ಯವುಳ್ಳ ಕಿಟಕಿಯಾದರೆ, ಕೆಲಸದ ಬಳಿಕ ಅದನ್ನು ತಯಾರಕರ ಕ್ರಮದಂತೆ ಪುನಃ ಹೊಂದಿಸಿ ಪರೀಕ್ಷಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿರಿ.

ಲೆಕ್ಕಪುಸ್ತಕದಲ್ಲಿ ನಮೂದು

ಹೊಸ ಮೋಟಾರು ಹಾಕಿಸಿದ್ದು ಬಂಡವಾಳ ವೆಚ್ಚವೇ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚವೇ ಚಾಲ್ತಿ ದುರಸ್ತಿ, ಅದರಿಂದ ಹೊಸ ಆಸ್ತಿಯಾಗಲಿ ಹೊಸ ಪ್ರಯೋಜನವಾಗಲಿ ಉಂಟಾಗಬಾರದು ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಎತ್ತಿಹಿಡಿದಿದೆ. ಇಲ್ಲಿ ಆಸ್ತಿಯೆಂದರೆ ಕಾರು. ಮೋಟಾರು ಅದರ ಒಂದು ಭಾಗ ಮಾತ್ರ. ಆದಕಾರಣ ಕೆಟ್ಟ ಮೋಟಾರಿನ ಬದಲಾವಣೆಯು ಆ ವರ್ಷದ ದುರಸ್ತಿ ವೆಚ್ಚವೇ ಸರಿ. ಆದರೆ ಕೈಹಿಡಿಯ ಕಿಟಕಿಗಳಿದ್ದ ಕಾರಿಗೆ ಹೊಸದಾಗಿ ಪವರ್ ವಿಂಡೋ ಅಳವಡಿಸಿದರೆ ಅದು ಹೊಸ ಪ್ರಯೋಜನ. ಅಂತಹ ವೆಚ್ಚವನ್ನು ಬಂಡವಾಳಕ್ಕೆ ಸೇರಿಸಿ ಸವಕಳಿ ಪಡೆಯುವುದೇ ಸುರಕ್ಷಿತ ಕ್ರಮ. ಕಾರನ್ನು ಮನೆಯ ಬಳಕೆಗೂ ಉಪಯೋಗಿಸುತ್ತಿದ್ದರೆ ಆ ಪ್ರಮಾಣದ ವೆಚ್ಚವನ್ನು ಬಿಟ್ಟುಬಿಡಬೇಕು.

ಜಿ.ಎಸ್.ಟಿ. ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲಿನ ಹೂಡುವಳಿ ತೆರಿಗೆಯನ್ನು, ಅಂದರೆ ಇನ್‌ಪುಟ್ ಕ್ರೆಡಿಟ್ಟನ್ನು, ಕಾಯಿದೆಯ 17(5)ನೇ ಕಲಮು ಸಾಮಾನ್ಯ ವರ್ತಕರಿಗೆ ನಿರ್ಬಂಧಿಸಿದೆ. ಪ್ರಯಾಣಿಕರ ಸಾಗಣೆ, ವಾಹನ ಮಾರಾಟ, ಚಾಲನಾ ತರಬೇತಿ ಮುಂತಾದ ವೃತ್ತಿಯವರಿಗೆ ವಿನಾಯಿತಿಯುಂಟು. ಸರಕು ಸಾಗಣೆಯ ವಾಹನಗಳು ಈ ನಿರ್ಬಂಧಕ್ಕೆ ಒಳಪಡವು. ನಮ್ಮ ಜವಳಿ ವರ್ತಕರು ಎರಡೂ ಬಿಲ್ಲುಗಳ ಕ್ರೆಡಿಟ್ ಪಡೆದು ಬಳಸಿಯೂ ಬಿಟ್ಟಿದ್ದರು. ಅದನ್ನು ವಾರ್ಷಿಕ ಶೇ. 18ರ ಬಡ್ಡಿಯೊಂದಿಗೆ ಹಿಂದಿರುಗಿಸಬೇಕಾಯಿತು. ಕ್ರೆಡಿಟ್ ದೊರೆಯದ ತೆರಿಗೆಯು ವೆಚ್ಚದ ಭಾಗವಾಗುವುದರಿಂದ, ಗ್ಯಾರೇಜುಗಳ ದರಗಳನ್ನು ಹೋಲಿಸುವಾಗ ತೆರಿಗೆ ಸಹಿತ ಮೊತ್ತವನ್ನೇ ನೋಡತಕ್ಕದ್ದು.

ಮೊತ್ತ ಸಣ್ಣದಿರಬಹುದು. ಆದರೆ ದೋಷವನ್ನು ಅಳೆದು ತಿಳಿಯದೆ ಹಣ ತೆತ್ತರೆ, ಆ ತಪ್ಪು ಗ್ಯಾರೇಜಿನ ಬಿಲ್ಲಿನಿಂದ ಆರಂಭವಾಗಿ ತೆರಿಗೆ ವಿವರಣಾಪತ್ರದವರೆಗೂ ನಮ್ಮನ್ನು ಹಿಂಬಾಲಿಸುತ್ತದೆ. ಮುಂದಿನ ಬಾರಿ ಗಾಜು ಅರ್ಧಕ್ಕೆ ನಿಂತಾಗ, ಬೆಲೆಯನ್ನು ಕೇಳುವ ಮುನ್ನ "ವೋಲ್ಟ್ ಅಳೆದಿರಾ?" ಎಂದು ಕೇಳುವುದನ್ನು ವರ್ತಕ ಬಂಧುಗಳು ರೂಢಿಸಿಕೊಳ್ಳಬೇಕು.