ಲೇಖಕಿ, ಅಚ್ಚುಕೂಟ, ಅಂಚೆ: ನಂಜನಗೂಡು ತಿರುಮಲಾಂಬಾ ಅವರ ಪ್ರಕಾಶನ ಸಾಹಸ

ಹೊಸಗನ್ನಡ ಸಾಹಿತ್ಯದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕೃತಿಗಳ ಚರಿತ್ರೆಯಾಗಿಯೇ ಓದುತ್ತ ಬಂದಿದ್ದೇವೆ. ಕೃತಿಯನ್ನು ಬರೆದವರಾರು, ಅದರ ವಸ್ತುವೇನು, ಶೈಲಿ ಎಂಥದು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆಯುತ್ತದೆ. ಅದನ್ನು ಅಚ್ಚು ಹಾಕಿಸಿದವರಾರು, ಹಣ ಎಲ್ಲಿಂದ ಒದಗಿತು, ಓದುಗನ ಕೈಗೆ ಅದು ಹೇಗೆ ತಲುಪಿತು ಎಂಬ ಪ್ರಶ್ನೆಗಳನ್ನು ಸಾಹಿತ್ಯೇತರವೆಂದು ಬದಿಗಿರಿಸುವುದು ವಾಡಿಕೆ. ಲೇಖಕಿಯರ ವಿಷಯದಲ್ಲಿ, ಅದರಲ್ಲೂ ದೊಡ್ಡ ನಗರಗಳಿಂದ ದೂರದಲ್ಲಿದ್ದು ಬರೆದವರ ವಿಷಯದಲ್ಲಿ, ಈ ವಾಡಿಕೆಯಿಂದಾಗಿ ಅರ್ಧ ಚರಿತ್ರೆಯೇ ಮರೆಯಾಗಿಬಿಡುತ್ತದೆ. ಈ ಮಾತನ್ನು ನಂಜನಗೂಡು ತಿರುಮಲಾಂಬಾ (1887–1982) ಅವರ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಇಂಗ್ಲೆಂಡಿನಲ್ಲಿ ಮುದ್ರಣವು ಬಹುಕಾಲ ಲಂಡನ್ ನಗರ ಮತ್ತು ಎರಡು ವಿಶ್ವವಿದ್ಯಾಲಯಗಳ ಊರುಗಳಿಗೆ ಬಹುಮಟ್ಟಿಗೆ ಮೀಸಲಾಗಿತ್ತು. ಮುದ್ರಣ ಪರವಾನಗಿಯ ಕಾನೂನು 1695ರಲ್ಲಿ ಬಿದ್ದುಹೋದ ಮೇಲೆ ಬ್ರಿಸ್ಟಲ್, ನಾರಿಚ್ ಮುಂತಾದ ಊರುಗಳಲ್ಲಿ ಅಚ್ಚುಕೂಟಗಳು ತಲೆಯೆತ್ತಿದವು. ಹದಿನೆಂಟನೆಯ ಶತಮಾನದಲ್ಲಿ ಅನುಕೂಲವಿಲ್ಲದ ಲೇಖಕಿಯರಿಗೆ ಒದಗಿಬಂದ ಒಂದು ಮುಖ್ಯ ಮಾರ್ಗವೆಂದರೆ ಚಂದಾ ಪದ್ಧತಿ. ಓದುಗರಿಂದ ಮುಂಗಡವಾಗಿ ಹಣ ಕೂಡಿಸಿ, ಆ ಹಣದಿಂದ ಪುಸ್ತಕವನ್ನು ಅಚ್ಚು ಮಾಡಿಸಿ, ಚಂದಾದಾರರ ಹೆಸರುಗಳನ್ನು ಪುಸ್ತಕದಲ್ಲಿಯೇ ಮುದ್ರಿಸುವ ಕ್ರಮವಿದು. ಅಡುಗೆಮನೆಯ ಆಳಾಗಿ ದುಡಿದಿದ್ದ ಮೇರಿ ಲೀಪರ್ 1746ರಲ್ಲಿ ತೀರಿಕೊಂಡಳು. ಅವಳ ಕವಿತೆಗಳು ಹೀಗೆ ಪ್ರಕಟವಾದದ್ದು 1748ರಲ್ಲಿ.

ಬ್ರಿಸ್ಟಲಿನ ಹಾಲು ಮಾರುವ ಹೆಂಗಸು ಆ್ಯನ್ ಇಯರ್ಸ್ಲಿಯ ಪ್ರಸಂಗ ಇನ್ನೂ ಬೋಧಪ್ರದವಾದುದು. ಆಕೆಯ ಮೊದಲ ಕವನ ಸಂಗ್ರಹ 1785ರಲ್ಲಿ ಸಾವಿರಕ್ಕೂ ಹೆಚ್ಚು ಚಂದಾದಾರರ ನೆರವಿನಿಂದ ಹೊರಬಂದಿತು. ಚಂದಾ ಕೂಡಿಸಿದವಳು ಪ್ರಸಿದ್ಧ ಲೇಖಕಿ ಹನ್ನಾ ಮೋರ್. ಆದರೆ ಬಂದ ಲಾಭವನ್ನು ಕವಯಿತ್ರಿಯ ಕೈಗೆ ಕೊಡದೆ ನ್ಯಾಸವೊಂದರಲ್ಲಿ ಇರಿಸಲಾಯಿತು. ತನ್ನ ಬರಹದ ಹಣ ತನ್ನ ಮತ್ತು ತನ್ನ ಮಕ್ಕಳ ವಶದಲ್ಲಿರಬೇಕೆಂದು ಇಯರ್ಸ್ಲಿ ಹಟ ಹಿಡಿದಳು, ಸ್ನೇಹ ಮುರಿಯಿತು. 1787ರ ಸಂಗ್ರಹದಲ್ಲಿ ಆಕೆ ಈ ಕಲಹದ ವೃತ್ತಾಂತವನ್ನು ತಾನೇ ಅಚ್ಚು ಮಾಡಿಸಿದಳು. ಬರೆಯುವ ಹಕ್ಕು ದೊರೆತರೂ ಲೆಕ್ಕದ ಪುಸ್ತಕ ಬೇರೊಬ್ಬರ ಕೈಯಲ್ಲಿದ್ದರೆ ಲೇಖಕಿಯ ಸ್ವಾತಂತ್ರ್ಯ ಅಪೂರ್ಣವೆಂಬುದು ಇಲ್ಲಿಂದ ವ್ಯಕ್ತವಾಗುತ್ತದೆ.

ಈಗ ಕನ್ನಡದ ಕಡೆಗೆ ಬರೋಣ. ಸಂಚಿಯ ಹೊನ್ನಮ್ಮನಿಗೆ ಚಿಕ್ಕದೇವರಾಜನ ಅರಮನೆಯ ಆಶ್ರಯವಿತ್ತು. ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳು ಹೆಂಗಸರ ಕಂಠದಲ್ಲಿ ಉಳಿದು ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಅಚ್ಚುಕೂಟಗಳ ಮೂಲಕ ಮುದ್ರಣ ಬೇರೂರಿತು. ಆದರೆ ಅರಮನೆಯ ಆಶ್ರಯಕ್ಕೆ ಬದಲಾಗಿ ಬಂದ ಅಚ್ಚುಕೂಟವು ಹೆಣ್ಣಿಗೆ ಕೂಡಲೇ ತೆರೆದ ಬಾಗಿಲಾಗಲಿಲ್ಲ. ಶಾಂತಾಬಾಯಿ ನೀಲಗಾರ ಅವರ ‘ಸದ್ಗುಣಿ ಕೃಷ್ಣಾಬಾಯಿ’ ಪ್ರಕಟವಾಗಲು 1908ರವರೆಗೆ ಕಾಯಬೇಕಾಯಿತು. ಕನ್ನಡದಲ್ಲಿ ಮಹಿಳೆ ಬರೆದ ಮೊದಲ ಕಾದಂಬರಿಯೆಂದು ಅದನ್ನು ಗುರುತಿಸುತ್ತಾರೆ.

ಇದಾದ ಐದೇ ವರ್ಷಕ್ಕೆ ತಿರುಮಲಾಂಬಾ ಅವರ ಕಾರ್ಯ ಮೊದಲಾಯಿತು. ನಂಜನಗೂಡಿನ ವಕೀಲರ ಮಗಳು. ಬಾಲ್ಯದಲ್ಲಿಯೇ ವಿವಾಹ, ಹದಿನಾಲ್ಕರ ಹರೆಯಕ್ಕೆ ವೈಧವ್ಯ. ಆ ಕಾಲದ ಬ್ರಾಹ್ಮಣ ಮನೆತನದಲ್ಲಿ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ತಂದೆಯ ಪ್ರೋತ್ಸಾಹದಿಂದ ಮನೆಯಲ್ಲಿಯೇ ಓದು ಮುಂದುವರಿಯಿತು. 1913ರಲ್ಲಿ ಅವರು ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿದರು. ‘ಸುಶೀಲೆ’ ಕಾದಂಬರಿ ಅದೇ ವರ್ಷ ಪ್ರಕಟವಾಗಿ, ಮುಂದೆ ನಾಲ್ಕು ಮುದ್ರಣಗಳನ್ನು ಕಂಡಿತು. ‘ನಭಾ’, ‘ವಿದ್ಯುಲ್ಲತಾ’, ‘ವಿರಾಗಿಣಿ’, ‘ದಕ್ಷಕನ್ಯೆ’, ‘ಮಾತೃನಂದಿನಿ’ ಮೊದಲಾದ ಕೃತಿಗಳು ಹಿಂಬಾಲಿಸಿದವು. ‘ಮಣಿಮಾಲಾ’ ಪತ್ರರೂಪದ ಕಾದಂಬರಿ. ಸ್ವಂತ ಕೃತಿಗಳಲ್ಲದೆ ಇತರರ ಬರಹಗಳಿಗೂ ಈ ಮಾಲೆಯಲ್ಲಿ ಎಡೆ ದೊರೆಯಿತು.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಗ್ರಂಥಮಾಲೆ ಎಂಬ ವ್ಯವಸ್ಥೆಯನ್ನು. ಮೈಸೂರಿಗೆ ಹತ್ತಿರವಿದ್ದರೂ ನಂಜನಗೂಡು ಒಂದು ತಾಲ್ಲೂಕು ಕೇಂದ್ರ, ಕ್ಷೇತ್ರವೆಂದು ಹೆಸರಾದ ಊರು. ಪುಸ್ತಕ ವ್ಯಾಪಾರದ ಸ್ಥಳವಲ್ಲ. ಇಂಥಲ್ಲಿ ಪುಸ್ತಕವು ಅಂಗಡಿಯ ಮೂಲಕ ಓದುಗರನ್ನು ಹುಡುಕಲಾರದು. ಅಂಚೆಯ ಮೂಲಕ ಹುಡುಕಬೇಕು. ಪುಸ್ತಕವನ್ನು ಪಡೆಯುವಾಗಲೇ ಬೆಲೆ ತೆರುವ ವಿ.ಪಿ. ಅಂಚೆ ಪದ್ಧತಿ ಭಾರತದಲ್ಲಿ 1877ರಲ್ಲಿ ಆರಂಭವಾಗಿತ್ತು. ಅಂಚೆಯ ಪುಸ್ತಕ ಅಂಗಡಿಗೆ ಹೋಗಲಾಗದ ಹೆಣ್ಣಿನ ಮನೆಬಾಗಿಲಿಗೇ ಬರಬಲ್ಲದು. ಪೇಟೆಗೆ ಹೋಗಿ ವ್ಯವಹರಿಸಲಾಗದ ಪ್ರಕಾಶಕಿಯ ಮನೆಬಾಗಿಲಿನಿಂದಲೇ ಹೊರಡಬಲ್ಲದು. ಲೇಖಕಿ ಮತ್ತು ಓದುಗಳು, ಇಬ್ಬರೂ ಮನೆಯ ಹೊಸ್ತಿಲೊಳಗೆ ಇದ್ದುಕೊಂಡೇ ಒಂದು ಸಾರ್ವಜನಿಕ ಜಗತ್ತನ್ನು ಕಟ್ಟಿಕೊಳ್ಳಲು ಇಂಥ ವ್ಯವಸ್ಥೆ ಅನುವು ಮಾಡಿಕೊಡುವಂಥದು. ಕನ್ನಡದಲ್ಲಿ ಮಹಿಳೆಯೊಬ್ಬರು ಸಂಪಾದಿಸಿದ ಮೊದಲ ಪತ್ರಿಕೆಯೆನಿಸಿದ ‘ಕರ್ನಾಟಕ ನಂದಿನಿ’ಯನ್ನು ಅವರು 1917ರ ಸುಮಾರಿಗೆ ಹೊರಡಿಸಿದ್ದೂ ಇದರ ಮುಂದುವರಿಕೆಯೇ.

ಇಯರ್ಸ್ಲಿಯೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಪೋಷಕಿಯೊಬ್ಬಳು ಕವಯಿತ್ರಿಯನ್ನು ಲೋಕಕ್ಕೆ ಪರಿಚಯಿಸಿದಳು, ಹಣವನ್ನೂ ಕಾದಳು. ಇಲ್ಲಿ ಲೇಖಕಿಯೇ ಪ್ರಕಾಶಕಿ, ಲೇಖಕಿಯೇ ಸಂಪಾದಕಿ. ಯಾವ ಕೃತಿ ಅಚ್ಚಾಗಬೇಕು, ಯಾರಿಗಾಗಿ ಅಚ್ಚಾಗಬೇಕು ಎಂಬ ನಿರ್ಣಯ ಆಕೆಯದಾಯಿತು.

ತಿರುಮಲಾಂಬಾ ಅವರ ಕಾದಂಬರಿಗಳು ಪಾತಿವ್ರತ್ಯವನ್ನು ಎತ್ತಿಹಿಡಿಯುತ್ತವೆ, ನೀತಿಬೋಧೆ ಅವುಗಳಲ್ಲಿ ಅತಿಯಾಗಿದೆ ಎಂಬ ಆಕ್ಷೇಪವುಂಟು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಕೃತಿಯೊಳಗಿನ ಆದರ್ಶ ಗೃಹಿಣಿಯನ್ನು ಮಾತ್ರ ನೋಡಿ, ಆ ಕೃತಿಯನ್ನು ಹೊರತಂದ ಮಹಿಳೆಯನ್ನು ನೋಡದೆ ಹೋದರೆ ವಿಮರ್ಶೆ ಒಕ್ಕಣ್ಣಾದೀತು. ‘ಸತೀ ಹಿತೈಷಿಣೀ’ ಎಂಬ ಹೆಸರು ಸಂಪ್ರದಾಯಕ್ಕೆ ಒಪ್ಪುವಂಥದು. ಆ ಹೆಸರಿನಡಿಯಲ್ಲಿ ನಡೆದ ಕೆಲಸವಾದರೋ ಸಂಪ್ರದಾಯವು ವಿಧವೆಗೆ ನಿರಾಕರಿಸಿದ್ದ ಉದ್ಯಮ. ಹೆಸರು ಕೆಲಸಕ್ಕೆ ರಕ್ಷೆಯಾಯಿತೆಂದು ಹೇಳಿದರೆ ತಪ್ಪಾಗಲಾರದು.

ಈ ಹಾದಿಯಲ್ಲಿ ಮುಂದೆ ಇತರರೂ ನಡೆದರು. ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 1921ರಲ್ಲಿ ಆರಂಭಿಸಿದ ‘ಸರಸ್ವತಿ’ ನಾಲ್ಕು ದಶಕಗಳ ಕಾಲ ನಡೆಯಿತು. ಗಿರಿಬಾಲೆ ಎಂದು ಪ್ರಸಿದ್ಧರಾದ ಸರಸ್ವತಿಬಾಯಿ ರಾಜವಾಡೆಯವರು ಉಡುಪಿಯಿಂದ ‘ಸುಪ್ರಭಾತ’ವನ್ನು ಹೊರಡಿಸಿದರು. ಇಂಥ ಆಸರೆ ಎಲ್ಲರಿಗೂ ಬದುಕಿದ್ದಾಗ ದೊರೆಯಲಿಲ್ಲ. ಕೊಡಗಿನ ಗೌರಮ್ಮ 1939ರಲ್ಲಿ ಅಕಾಲ ಮರಣಕ್ಕೀಡಾದ ಮೇಲೆಯೇ ಅವರ ಕಥೆಗಳು ‘ಕಂಬನಿ’ ಎಂಬ ಸಂಕಲನವಾದವು. ಮೇರಿ ಲೀಪರಳ ನೆನಪಾಗದಿರದು.

ತಿರುಮಲಾಂಬಾ ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಈ ಚೆನ್ನೈಯಲ್ಲಿ. ಕನ್ನಡ ಸಾಹಿತ್ಯಲೋಕ ಅವರನ್ನು ಬಹುಮಟ್ಟಿಗೆ ಮರೆತಿದ್ದಾಗ ಚಿ. ನ. ಮಂಗಳಾ ಅವರಂಥವರು ಅರಸಿ ಬಂದು ಕಂಡರು; ಇಂದು ಅವರ ಹೆಸರಿನ ಪ್ರಶಸ್ತಿಯೂ ಇದೆ. ಆದರೆ ಪ್ರಶಸ್ತಿಯಿಂದ ಪುಸ್ತಕಗಳು ಉಳಿಯುವುದಿಲ್ಲ. ನಾನು ವಾಸಿಸುವ ವೇಲಚೇರಿಯಲ್ಲಿ ಕೆಲವು ವರ್ಷಗಳ ಹಿಂದೆ ಕನ್ನಡ ಕುಟುಂಬವೊಂದು ಮನೆ ಬದಲಿಸುವಾಗ ಅಜ್ಜಿಯ ಕಾಲದ ಪುಸ್ತಕಗಳ ಕಟ್ಟೊಂದನ್ನು ತೂಕಕ್ಕೆ ಹಾಕಲು ಹೊರಗಿಟ್ಟಿತ್ತು. ಮೇಲಿನ ಪುಸ್ತಕಕ್ಕೆ ರಕ್ಷಾಪುಟವಿರಲಿಲ್ಲ, ಮುಖಪುಟವೂ ಇರಲಿಲ್ಲ. ಕೊನೆಯ ಹಾಳೆಯಲ್ಲಿ ಬೆಲೆ, ಅಂಚೆ ವೆಚ್ಚಗಳ ಪಟ್ಟಿಯ ಒಂದು ತುಂಡು ಮಾತ್ರ ಉಳಿದಿತ್ತು. ಬರೆದವರಾರೆಂದು ನನಗೆ ಇಂದಿಗೂ ತಿಳಿದಿಲ್ಲ.

ಆದುದರಿಂದ ನಮ್ಮ ಸಂಶೋಧನಾರ್ಥಿಗಳಲ್ಲಿ ಒಂದು ವಿನಂತಿ. ಹಳೆಯ ಪುಸ್ತಕ ಕೈಗೆ ಬಂದಾಗ ಕಥೆಯನ್ನು ಓದಿ ಕೆಳಗಿಡಬೇಡಿ. ಮುದ್ರಕರ ಹೆಸರು, ಪ್ರತಿಗಳ ಸಂಖ್ಯೆ, ಬೆಲೆ, ಜಾಹೀರಾತು, ಒಳಪುಟದಲ್ಲಿ ಓದಿದವಳು ಬರೆದಿಟ್ಟ ಹೆಸರು, ಎಲ್ಲವನ್ನೂ ಬರೆದುಕೊಳ್ಳಿ. ನಮ್ಮ ಲೇಖಕಿಯರ ಚರಿತ್ರೆಯ ಉಳಿದರ್ಧ ಆ ಪುಟಗಳಲ್ಲಿದೆ.