ಜೋರ್‌ಬೀರಿನ ಹದ್ದುಗಳು

ಸತ್ತ ದನಗಳನ್ನು ಎಸೆಯುವ ಬಯಲೊಂದನ್ನು ನೋಡಲೆಂದು ಎರಡು ದಿನ ರೈಲಿನಲ್ಲಿ ಕುಳಿತು ಹೋಗುತ್ತೇವೆಂದಾಗ ಮನೆಯವರು ನಕ್ಕದ್ದು ತಪ್ಪಲ್ಲ. ರಾಜಸ್ಥಾನದ ಬಿಕಾನೇರಿಗೆ ಹೋದವರು ಅಲ್ಲಿನ ಕೋಟೆಯನ್ನು ನೋಡುತ್ತಾರೆ, ಭುಜಿಯಾ ಕೊಳ್ಳುತ್ತಾರೆ, ಹಿಂದಿರುಗುತ್ತಾರೆ. ನಾವಿಬ್ಬರು 2025ರ ಜನವರಿಯ ಒಂದು ಮುಂಜಾನೆ ಕೋಟೆಗೆ ಬೆನ್ನುಮಾಡಿ ಊರ ಹೊರಗಿನ ಜೋರ್‌ಬೀರಿಗೆ ಹೊರಟೆವು. ಜೊತೆಗಿದ್ದವನು ನನ್ನ ಬಾಲ್ಯದ ಗೆಳೆಯ. ಮಂಡ್ಯದ ಕಡೆ ಮೂವತ್ತು ವರ್ಷ ದನದ ಡಾಕ್ಟರಾಗಿದ್ದು ನಿವೃತ್ತನಾದವನು.

ಮೊದಲು ಎದುರುಗೊಂಡದ್ದು ನಾತ. ಆಮೇಲೆ ಮರಳು, ಅಲ್ಲಲ್ಲಿ ಖೇಜಡಿ ಮರ—ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ ಅದು—ಮತ್ತು ಬಿಸಿಲಿಗೆ ಬೆಳ್ಳಗಾದ ಎಲುಬಿನ ರಾಶಿ. ಊರಿನ ಸತ್ತ ಹಸು, ಒಂಟೆಗಳೆಲ್ಲ ಇಲ್ಲಿಗೇ ಬರುತ್ತವೆ. ಚರ್ಮ ಸುಲಿಯುವವರು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದುದೆಲ್ಲ ನಾಯಿಗಳಿಗೂ ಹಕ್ಕಿಗಳಿಗೂ ಸೇರಿದ್ದು.

ಹಕ್ಕಿಗಳೋ! ಕಂಬಳಿ ಹೊದ್ದು ಕುಳಿತ ಕುರುಬರಂತೆ ನೆಲದ ಮೇಲೆ ಸಾಲುಗಟ್ಟಿ ಕುಳಿತಿದ್ದುವು ಕಂದು ಹದ್ದುಗಳು. ಕಜಕಸ್ತಾನ, ಮಂಗೋಲಿಯಗಳ ಸ್ಟೆಪ್ ಹುಲ್ಲುಬಯಲುಗಳಲ್ಲಿ ಹುಟ್ಟಿ, ಚಳಿಗಾಲಕ್ಕೆ ಇಲ್ಲಿಗೆ ಬರುವ ಸ್ಟೆಪ್ ಹದ್ದುಗಳು ಅವು. ಬಾಯಂಚಿನ ಹಳದಿ ಗೆರೆ ಕಣ್ಣನ್ನೂ ದಾಟಿ ಹಿಂದಕ್ಕೆ ಚಾಚಿದ್ದರೆ ಅದೇ ಗುರುತು. ಗೆಳೆಯ ಇನ್ನೂರರವರೆಗೆ ಎಣಿಸಿ ಕೈಬಿಟ್ಟನು. ಗರುಡನೆಂದರೆ ಹಾವನ್ನು ಸೆಳೆದೊಯ್ಯುವ ವೀರನೆಂದೇ ನಂಬಿ ಬೆಳೆದ ನನಗೆ, ಆತನ ಬಳಗ ಹೀಗೆ ಹಸುವಿನ ಕಳೇಬರದ ಮುಂದೆ ಸರದಿ ಕಾಯುವುದನ್ನು ಕಂಡು ಮೊದಲು ಸ್ವಲ್ಪ ಪೆಚ್ಚೆನಿಸಿತು. ಹಳದಿ ಮೋರೆಯ ಬಿಳಿ ರಣಹದ್ದುಗಳು ಕೋಳಿಗಳಂತೆ ಓಡಾಡುತ್ತಿದ್ದುವು. ದೂರದಲ್ಲಿ ಹಿಮಾಲಯದ ಭಾರಿ ರಣಹದ್ದುಗಳು. ಅವುಗಳ ನಡುವೆ ಯಜಮಾನನಂತೆ ಒಂದು ಕಪ್ಪು ರಣಹದ್ದು. ಬಿಸಿಲೇರಿ ನೆಲ ಕಾದಾಗ ಒಂದೊಂದೇ ಮೇಲೆದ್ದು, ರೆಕ್ಕೆ ಬಡಿಯದೆಯೇ ಸುತ್ತಿ ಸುತ್ತಿ ಚುಕ್ಕೆಗಳಾದುವು. ಆ ಪೆಚ್ಚುತನವೂ ಅವುಗಳೊಡನೆಯೇ ಹೋಯಿತು.

ಗೆಳೆಯ ಮಾತ್ರ ಮೇಲೆ ನೋಡಲಿಲ್ಲ. ಅವನ ಕಣ್ಣು ಕಳೇಬರದ ಮೇಲಿತ್ತು.

"ಇದಕ್ಕೆ ಕೊನೆಯ ಸೂಜಿ ಯಾವುದು ಚುಚ್ಚಿದರೋ," ಎಂದನು.

ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ನಮ್ಮ ದನಗಳ ಚಿಕಿತ್ಸೆಗೆ ಬಂದುದು 1990ರ ದಶಕದಲ್ಲಿ. ಮಲಗಿದ ಹಸು ಎದ್ದು ನಿಲ್ಲುತ್ತಿತ್ತು. ರೈತರು ಡಾಕ್ಟರಿಗೆ ಕೈಮುಗಿಯುತ್ತಿದ್ದರು. ಸೂಜಿ ಹಾಕಿಸಿಕೊಂಡು ಒಂದೆರಡು ದಿನಗಳಲ್ಲಿ ಸತ್ತ ದನವನ್ನು ರಣಹದ್ದು ತಿಂದರೆ ಅದರ ಮೂತ್ರಪಿಂಡಗಳು ಕೆಡುತ್ತವೆ; ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆ ಸುಣ್ಣದಂತೆ ಕಟ್ಟಿಕೊಂಡು ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ಒಂದೇ ಹೆಣಕ್ಕೆ ಹತ್ತಾರು ಹಕ್ಕಿಗಳು ಮುತ್ತುವುದರಿಂದ, ನೂರು ಕಳೇಬರಗಳಲ್ಲಿ ಒಂದಕ್ಕಿಂತಲೂ ಕಡಿಮೆ ವಿಷವಾಗಿದ್ದರೂ ಸಂತತಿ ಕುಸಿಯುವುದಕ್ಕೆ ಸಾಕು. 1992ರಿಂದ 2007ರೊಳಗೆ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದುಗಳು ಸಾವಿರಕ್ಕೆ ಒಂದರಂತೆ ಉಳಿದುವು. ಕಾರಣವನ್ನು ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳಿಂದ ಕಂಡುಹಿಡಿದು 2004ರಲ್ಲಿ ಪ್ರಕಟಿಸಿದರು; 2006ರಲ್ಲಿ ಭಾರತ ದನಗಳಿಗೆ ಆ ಔಷಧವನ್ನು ನಿಷೇಧಿಸಿತು. ಆಮೇಲೂ ಮನುಷ್ಯರ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅವುಗಳ ಗಾತ್ರವನ್ನು ಮೂರು ಮಿಲಿಲೀಟರಿಗೆ ಇಳಿಸಬೇಕಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ದನಗಳಿಗೆ ನಿಷಿದ್ಧವಾದುವು. ರಾಜಸ್ಥಾನದ ಇಂಥದೊಂದು ಬಯಲಿನಲ್ಲಿ ಸತ್ತುಬಿದ್ದಿದ್ದ ಎರಡು ಸ್ಟೆಪ್ ಹದ್ದುಗಳ ದೇಹದಲ್ಲಿಯೂ ಡೈಕ್ಲೋಫೆನಾಕ್ ಸಿಕ್ಕಿತೆಂದು 2014ರಲ್ಲಿ ವರದಿಯಾಯಿತು. ಸಾವಿರಾರು ಮೈಲಿ ಹಾರಿಬಂದವು, ಪಾಪ.

"ನಾನೂ ಚುಚ್ಚಿದ್ದೇನೆ ಕಣಯ್ಯ," ಎಂದನು ಗೆಳೆಯ. "ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ಆಗ ನಮ್ಮ ರಾಮನಗರದ ಬೆಟ್ಟದ ಮೇಲೆ ರಣಹದ್ದು ಕಡಿಮೆಯಾಗಿದೆ ಅಂತ ಯಾರೋ ಅಂದರು. ಕಲ್ಲು ಒಡೆಯೋ ಸದ್ದಿಗೆ ಓಡಿಹೋಗಿರಬೇಕು ಅಂದುಬಿಟ್ಟೆ."

"ನಿನಗೆ ಹೇಗೆ ಗೊತ್ತಾಗಬೇಕಿತ್ತು?" ಎಂದೆ. ಅವನು ಉತ್ತರ ಕೊಡಲಿಲ್ಲ. ನನ್ನ ಮಾತು ನನಗೇ ಹಗುರವಾಗಿ ಕೇಳಿಸಿತು.

ಹಿಂದಿರುಗುವಾಗ ನಮ್ಮ ಜೀಪಿನ ಚಾಲಕನಿಗೆ, ಇವನು ದನದ ಡಾಕ್ಟರೆಂದು ಹೇಗೋ ತಿಳಿಯಿತು. ಅವನ ಮನೆಯ ಹಸು ನಾಲ್ಕು ದಿನದಿಂದ ಕುಂಟುತ್ತಿದೆಯಂತೆ. "ಒಂದೇ ಸೂಜಿಗೆ ಏಳುವಂಥದ್ದೇನಾದರೂ ಹೇಳಿ, ಡಾಕ್ಟರ್ ಸಾಹೇಬ್," ಎಂದು ಕೇಳಿದನು. ಗೆಳೆಯ ಜೀಪು ನಿಲ್ಲಿಸಿಸಿ, ಗೊರಸಿನಲ್ಲಿ ಮುಳ್ಳಿದೆಯೇ, ಬಾವಿದೆಯೇ, ಮೇವು ತಿನ್ನುತ್ತಿದೆಯೇ ಎಂದು ಬಹಳ ಹೊತ್ತು ವಿಚಾರಿಸಿದನು. ಮೊದಲು ಊರಿನ ಡಾಕ್ಟರಿಗೆ ಕಾಲು ತೋರಿಸಬೇಕೆಂದನು. ಆಮೇಲೆ ನನ್ನ ಹಕ್ಕಿಗಳ ಪಟ್ಟಿಯ ಪುಸ್ತಕದಿಂದ ಒಂದು ಹಾಳೆ ಹರಿದು, ನೋವಿಗೆ ಕೊಟ್ಟರೆ ಇದನ್ನೇ ಕೊಡಲಿ ಎಂದು, ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್‌ನ ಹೆಸರನ್ನು ದೇವನಾಗರಿಯಲ್ಲಿ ದಪ್ಪಗೆ ಬರೆದುಕೊಟ್ಟನು. ಚಾಲಕ ಅಕ್ಷರ ಕೂಡಿಸಿ ಎರಡು ಸಲ ಓದಿಕೊಂಡು, ಹಾಳೆಯನ್ನು ಮಡಿಸಿ ಜೇಬಿಗಿಟ್ಟನು.